ಎಕ್ಸ್‌ಪೋಶರ್‌ಗೆ ಕನ್ನಡದಲ್ಲಿ ಏನನ್ನೋಣ? ಒಡ್ಡಿಕೆ, ಹದ, ವೀಸ, ಕಾಣಿ

ಗೆಳೆಯರೇ, ನಮಸ್ಕಾರ.

ಸಾಗರದ ಹತ್ತಿರದ ನಮ್ಮೂರಿನಲ್ಲಿ ಭಾನುವಾರಗಳಂದು ಏಳೆಂಟು ಮಕ್ಕಳಿಗೆ ಕ್ಯಾಮೆರಾ ಹೇಳಿಕೊಡುತ್ತಿದ್ದೇನೆ. ಎಲ್ಲರೂ ಹೈಸ್ಕೂಲಿನವರು, ಕನ್ನಡ ಮಾಧ್ಯಮದಲ್ಲಿ ಓದುವವರು. ಇರುವುದು ಒಂದೇ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್, ಆಮೇಲೆ ಕೊಂಡ ಒಂದು 50 ಎಂಎಂ ಲೆನ್ಸ್. ಆಟೋ ಮೋಡ್ ಬಿಟ್ಟು ಮ್ಯಾನುಯಲ್‌ಗೆ ಬಂದ ದಿನದಿಂದ ಪದಗಳ ತೊಂದರೆ ಶುರುವಾಗಿದೆ. ಕ್ಯಾಮೆರಾ, ಲೆನ್ಸ್, ಫೋಕಸ್, ಫ್ಲಾಶ್ ಇವಕ್ಕೆಲ್ಲ ಕನ್ನಡ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಅವು ನಮ್ಮವೇ ಆಗಿಹೋಗಿವೆ. ಆದರೆ ಎಕ್ಸ್‌ಪೋಶರ್, ಸ್ಟಾಪ್, ಅಪರ್ಚರ್, ಶಟರ್ ಸ್ಪೀಡ್ ಈ ನಾಲ್ಕು ಮಾತ್ರ ಮಕ್ಕಳ ತಲೆಗೆ ಇಳಿಯುತ್ತಿಲ್ಲ. ಪದ ಬಾಯಿಪಾಠ ಆಗುತ್ತದೆ, ಅರ್ಥ ಹೊರಗೇ ಉಳಿಯುತ್ತದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಎಕ್ಸ್‌ಪೋಶರ್. ಮದುವೆ ಫೋಟೋ ತೆಗೆಯುವವರು ಈ ಪದವನ್ನು ಹೇಳುವುದೇ ಕಮ್ಮಿ. ಬೆಳಕು ಹೆಚ್ಚಾದರೆ 'ಬರ್ನ್ ಆಗಿದೆ' ಅನ್ನುತ್ತಾರೆ, ಕಮ್ಮಿಯಾದರೆ 'ಡಲ್ ಆಗಿದೆ' ಅನ್ನುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಕಲಿಸುವಾಗ 'ಬೆಳಕು ಜಾಸ್ತಿ ಆಯ್ತು' ಅಂದರೆ ಯಾವ ಬೆಳಕು? ಅಂಗಳದಲ್ಲಿ ಇರುವ ಬೆಳಕೋ, ಕ್ಯಾಮೆರಾದ ಒಳಗೆ ಹೋದ ಬೆಳಕೋ? ಅಂಗಳದಲ್ಲಿ ಮಬ್ಬಿದ್ದರೂ ಫೋಟೋ ಬೆಳ್ಳಗಾಗಬಹುದು, ಶಟರ್ ತುಂಬಾ ಹೊತ್ತು ತೆರೆದಿದ್ದರೆ. ಹಾಗಾಗಿ ಒಳಗೆ ಹೋದ ಒಟ್ಟು ಬೆಳಕಿಗೆ ಬೇರೆಯದೇ ಒಂದು ಹೆಸರು ಬೇಕು.

'ಅನಾವರಣ' ಎಂಬ ಸಲಹೆ ಒಬ್ಬರಿಂದ ಬಂತು. ಅದನ್ನು ಕೇಳಿದರೆ ಪ್ರತಿಮೆಯ ಮೇಲಿನ ಬಟ್ಟೆ ಎಳೆದ ಹಾಗಿರುತ್ತದೆ, ಇಲ್ಲಿಗೆ ಹೊಂದುವುದಿಲ್ಲ. 'ಒಡ್ಡಿಕೆ' ನನಗೆ ಹಿಡಿಸಿದೆ. ಬಿಸಿಲಿಗೆ ಮೈಯೊಡ್ಡು, ಗಾಳಿಗೆ ಮುಖವೊಡ್ಡು ಅಂತ ಹೇಗೂ ಹೇಳುತ್ತೇವೆ. ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರನ್ನು ಬೆಳಕಿಗೆ ಒಡ್ಡುವುದು ಒಡ್ಡಿಕೆ.

ಇದನ್ನು ವಿವರಿಸಲು ನಮ್ಮ ಕಡೆ ಒಂದು ಒಳ್ಳೆಯ ಮಾತಿದೆ. ಅಡಿಕೆ ಒಣಗಿಸುವಾಗ 'ಇನ್ನೂ ಎರಡು ಬಿಸಿಲು ಬೇಕು' ಅನ್ನುತ್ತಾರೆ. ಎರಡು ದಿನ ಅಂತ ಹೇಳುವುದಿಲ್ಲ, ಎರಡು ಬಿಸಿಲು ಅನ್ನುತ್ತಾರೆ. ಮೋಡ ಕವಿದ ದಿನ ಪೂರ್ತಿ ಬಿಸಿಲಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಿಸಿಲಿನ ಖಾರ ಎಷ್ಟು, ಎಷ್ಟು ಹೊತ್ತು ಬಿತ್ತು, ಎರಡೂ ಆ ಒಂದು ಪದದಲ್ಲಿ ಸೇರಿವೆ. ಎಕ್ಸ್‌ಪೋಶರ್ ಅಂದರೂ ಇಷ್ಟೇ ಅಲ್ವಾ? ಇದನ್ನು ಹೇಳಿದಾಗ ಮಕ್ಕಳು ಥಟ್ಟನೆ ಹಿಡಿದುಕೊಂಡರು. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ (ಅದೇ ಅಪರ್ಚರ್) ದೊಡ್ಡದು ಮಾಡಿ ಶಟರ್ ತೆರೆದಿರುವ ಹೊತ್ತು ಕಮ್ಮಿ ಮಾಡಿದರೂ, ಕಿಂಡಿ ಚಿಕ್ಕದು ಮಾಡಿ ಹೊತ್ತು ಜಾಸ್ತಿ ಮಾಡಿದರೂ ಒಳಗೆ ಹೋಗುವ ಬೆಳಕು ಅಷ್ಟೇ ಇರಬಹುದು. ಎಫ್ ಅಂಕಿ ಎಂದರೆ ಕಿಂಡಿಯ ಅಳತೆ, ಅಂಕಿ ದೊಡ್ಡದಾದರೆ ಕಿಂಡಿ ಚಿಕ್ಕದು. ಎಫ್ 8ರಲ್ಲಿ 1/125 ಸೆಕೆಂಡ್, ಎಫ್ 5.6ರಲ್ಲಿ 1/250 ಸೆಕೆಂಡ್, ಎರಡರ ಒಡ್ಡಿಕೆಯೂ ಒಂದೇ.

ಇದರ ಜೊತೆಗೆ 'ಹದ' ಎಂಬ ಪದವನ್ನೂ ಇಟ್ಟುಕೊಂಡಿದ್ದೇನೆ. ಪಾಕಕ್ಕೆ ಹದ ಇದೆ, ಮಣ್ಣಿಗೆ ಹದ ಇದೆ, ಬೆಳಕಿಗೂ ಇರಲಿ. ಒಡ್ಡಿಕೆ ಎಂದರೆ ಎಷ್ಟು ಅನ್ನುವ ಅಳತೆ. ಹದ ಎಂದರೆ ಇಷ್ಟು ಸಾಕು ಅನ್ನುವ ತೀರ್ಮಾನ, ಅದನ್ನು ಫೋಟೋ ತೆಗೆಯುವವರೇ ಮಾಡಬೇಕು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ತನ್ನ ಮುಂದೆ ಏನೇ ಇದ್ದರೂ ಅದನ್ನು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಎಮ್ಮೆ ಬಂದರೆ ಎಮ್ಮೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚೌಕಟ್ಟಿನ ತುಂಬ ಬಿಳಿ ಪಂಚೆ ಬಂದರೆ ಅದೂ ಬೂದಿ. ಎಮ್ಮೆಗೆ ಮೈನಸ್ (ಬೆಳಕು ಕಮ್ಮಿ), ಪಂಚೆಗೆ ಪ್ಲಸ್ (ಬೆಳಕು ಜಾಸ್ತಿ) ಹಾಕಬೇಕು. ಮೀಟರಿಗೆ ಒಡ್ಡಿಕೆ ಗೊತ್ತು, ಹದ ಗೊತ್ತಿಲ್ಲ. ಈ ಎರಡು ಪದಗಳನ್ನು ಹೀಗೆ ಬೇರೆಬೇರೆಯಾಗಿ ಬಳಸುವುದು ನಿಮಗೆ ಒಪ್ಪಿಗೆಯೇ?

ಅಪರ್ಚರ್‌ಗೆ 'ದ್ಯುತಿರಂಧ್ರ' ಎಂದು ಬರೆದದ್ದನ್ನು ನೋಡಿದ್ದೇನೆ. ದ್ಯುತಿಸಂಶ್ಲೇಷಣೆ ಓದಿದ ಮಕ್ಕಳಿಗೆ 'ದ್ಯುತಿ' ಗೊತ್ತು, ಆದರೂ ಪದ ಭಾರ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಚಾವಣಿಗೆ ಒಂದು ತೂತು ಬಿಟ್ಟಿರುತ್ತಾರೆ, ಅದಕ್ಕೆ 'ಬೆಳಕಿಂಡಿ' ಎಂಬ ಹೆಸರು. ಬೆಳಕು ಒಳಗೆ ಬರಲಿ ಎಂದೇ ಬಿಟ್ಟ ಕಿಂಡಿ. ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ನಮ್ಮ ಮಲೆನಾಡಿನ ಮಕ್ಕಳಿಗೆ ಈ ಪದ ಹೊಸದು, ಆದರೆ ಒಮ್ಮೆ ಕೇಳಿದರೆ ಸಾಕು, ಬಿಡಿಸಿ ಹೇಳಬೇಕಾಗಿಲ್ಲ.

ಶಟರ್ ಪದ ಹಾಗೇ ಇರಲಿ. ಅಂಗಡಿಯ ಶಟರ್ ಎಳೆಯುವುದನ್ನು ಎಲ್ಲರೂ ನೋಡಿದ್ದಾರೆ. 'ಸ್ಪೀಡ್' ಮಾತ್ರ ದಾರಿ ತಪ್ಪಿಸುತ್ತದೆ. ಅಲ್ಲಿ ನಾವು ಆರಿಸುವುದು ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು. 'ಶಟರ್ ವೇಗ ಕಮ್ಮಿ ಮಾಡು' ಅಂದರೆ ಹೊತ್ತು ಜಾಸ್ತಿ ಮಾಡು ಎಂದರ್ಥ, ಪಾಪ ಮಕ್ಕಳು ಉಲ್ಟಾ ತಿರುಗಿಸುತ್ತಾರೆ. ನಾನು 'ಶಟರ್ ಹೊತ್ತು' ಎನ್ನಲು ಶುರು ಮಾಡಿದ್ದೇನೆ. ಆ ಗೊಂದಲ ಅಲ್ಲಿಗೆ ಮುಗಿಯಿತು.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಕಳೆದ ತಿಂಗಳು ಒಬ್ಬ ಹುಡುಗನ ಮನೆಯ ಜಗಲಿಯಲ್ಲಿ ತರಗತಿ ನಡೆದಿತ್ತು. ಮಕ್ಕಳು ಶಟರ್ ಹೊತ್ತುಗಳನ್ನು ಜೋರಾಗಿ ಹೇಳುತ್ತಿದ್ದರು: ಎರಡನೇ ಒಂದು, ನಾಲ್ಕನೇ ಒಂದು, ಎಂಟನೇ ಒಂದು, ಹದಿನೈದನೇ ಒಂದು. ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅವನ ಅಜ್ಜ, 'ಅದೇನೋ ತಮಾ ಅಷ್ಟುದ್ದ ಹೇಳ್ತೀಯ, ಅರೆ, ಕಾಲು, ಅರೆಕಾಲು, ವೀಸ ಅನ್ನಬಾರದಾ?' ಅಂದರು. ನಾನು ಅಲ್ಲೇ ಪುಸ್ತಕ ತೆಗೆದು ಬರೆದುಕೊಂಡೆ.

ನೋಡಿ, ಹಳೆಯ ಕನ್ನಡ ಲೆಕ್ಕದ ಈ ಸಾಲಿನಲ್ಲಿ ಒಂದೊಂದೂ ಹಿಂದಿನದರ ಅರ್ಧ. ಅರೆ 1/2, ಕಾಲು 1/4, ಅರೆಕಾಲು 1/8, ವೀಸ 1/16, ಅರೆವೀಸ 1/32, ಕಾಣಿ 1/64. ಕ್ಯಾಮೆರಾದ ಸಾಲು 1/2, 1/4, 1/8, 1/15, 1/30, 1/60. ಅಲ್ಲಿಯೂ ಲೆಕ್ಕದ ಪ್ರಕಾರ 16, 32, 64 ಬರಬೇಕು, ಓದಲು ಸುಲಭವಾಗಲಿ ಎಂದು ದುಂಡು ಮಾಡಿ 15, 30, 60 ಎಂದು ಬರೆಯುತ್ತಾರೆ. ಅಂದರೆ ಕ್ಯಾಮೆರಾ ಎಣಿಸುವ ರೀತಿಯಲ್ಲೇ ನಮ್ಮ ಅಂಗಡಿ ಲೆಕ್ಕದವರು ಎಣಿಸುತ್ತಿದ್ದರು. ಕಾಲಿನ ಮಗ್ಗಿ, ಅರೆಯ ಮಗ್ಗಿ ಬಾಯಿಪಾಠ ಮಾಡಿದ ಹಿರಿಯರಿಗೆ ಶಟರ್ ಲೆಕ್ಕ ಹೇಳಿಕೊಡುವುದೇ ಬೇಡ.

ಬೆಳಕಿಂಡಿಯ ಅಂಕಿಗೂ ಇದು ಹೊಂದುತ್ತದೆ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಾಗುವುದು ಏಕೆ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಎಫ್ ಎಂದರೆ ಲೆನ್ಸಿನ ಫೋಕಲ್ ಲೆಂತ್ (50 ಎಂಎಂ ಲೆನ್ಸಿಗೆ ಅದು 50 ಎಂಎಂ), ಅದನ್ನು ಆ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. 50 ಎಂಎಂ ಲೆನ್ಸಿನಲ್ಲಿ ಎಫ್ 2 ಅಂದರೆ ಅರೆ, 25 ಎಂಎಂ ಅಗಲದ ಕಿಂಡಿ. ಎಫ್ 4 ಕಾಲು, ಹನ್ನೆರಡೂವರೆ ಎಂಎಂ. ಎಫ್ 8 ಅರೆಕಾಲು. ಎಫ್ 16 ವೀಸ, ಮೂರು ಎಂಎಂ ಚಿಲ್ಲರೆ. ಕಾಲಿಗಿಂತ ವೀಸ ಚಿಕ್ಕದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಲ್ಲಿ ಒಂದು ಎಚ್ಚರಿಕೆ ಬೇಕು. ಅಗಲ ಅರ್ಧವಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಬೆಳಕು ಕಿಂಡಿಯ ವಿಸ್ತೀರ್ಣದ ಲೆಕ್ಕದಲ್ಲಿ ಬರುತ್ತದೆ. ಅದಕ್ಕೇ 2, 4, 8, 16ರ ನಡುವೆ 2.8, 5.6, 11 ಇಟ್ಟಿದ್ದಾರೆ.

ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪದ ಹಾಗೇ ನಡೆಯುತ್ತದೆ. ಅದನ್ನು ಏರಿಸಿದಾಗ ಬರುವ 'ನಾಯ್ಸ್'ಗೆ ಮಾತ್ರ ನಮ್ಮ ತಂಡದ ಹುಡುಗಿಯೊಬ್ಬಳು ತಾನಾಗಿಯೇ ಪದ ಕೊಟ್ಟಳು. 6400ರಲ್ಲಿ ತೆಗೆದ ಫೋಟೋ ನೋಡಿ 'ತರಿ ತರಿ ಆಗಿದೆ' ಅಂದಳು. ಹಿಟ್ಟು ನುಣ್ಣಗಾಗದೆ ಉಳಿದಾಗ ಹೇಳುವ ಮಾತು. ಗದ್ದಲ, ಸದ್ದು ಎಂದೆಲ್ಲ ಅನುವಾದಿಸುವುದಕ್ಕಿಂತ ಇದು ಎಷ್ಟೋ ಮೇಲು.

ಜೊತೆಗೆ ಬೇಕಾದ ಸಾಮಾನುಗಳ ಹೆಸರು ಅಷ್ಟು ಕಷ್ಟವಲ್ಲ. ಟ್ರೈಪಾಡ್‌ಗೆ ಸ್ಟುಡಿಯೋದವರು ಸುಮ್ನೆ 'ಸ್ಟ್ಯಾಂಡ್' ಅನ್ನುತ್ತಾರೆ. 'ಮುಕ್ಕಾಲಿ' ನಮ್ಮಲ್ಲಿ ಮೊದಲೇ ಇದೆ. ಲೆನ್ಸ್ ಹುಡ್‌ಗೆ 'ಕೊಪ್ಪೆ' ಎಂದರೆ ಹೇಗೆ? ಕಂಬಳಿ ಕೊಪ್ಪೆ ತಲೆಗೆ ಮಳೆ ತಡೆದ ಹಾಗೆ ಇದು ಲೆನ್ಸಿಗೆ ಅಡ್ಡಬಿಸಿಲು ತಡೆಯುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಬರುವ ಫಂಗಸ್‌ಗಂತೂ ಪದ ಹುಡುಕಲೇಬೇಕಿಲ್ಲ, 'ಬೂಷ್ಟು ಹಿಡಿದಿದೆ' ಎಂದರೆ ಸಾಕು. ನಮ್ಮೂರಲ್ಲಿ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣ ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ ಸಾಮಾನು.

ಎನ್‌ಡಿ ಫಿಲ್ಟರ್ ಎಂದರೆ ಬೆಳಕು ಕಮ್ಮಿ ಮಾಡಲು ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್. ಇಲ್ಲಿ ಅಜ್ಜನ ಲೆಕ್ಕ ನನ್ನನ್ನು ಮತ್ತೆ ಬೆರಗುಗೊಳಿಸಿತು. ಎನ್‌ಡಿ 4 ಕಾಲು ಭಾಗ ಬೆಳಕನ್ನು ಒಳಗೆ ಬಿಡುತ್ತದೆ, ಎನ್‌ಡಿ 8 ಅರೆಕಾಲು, ಎನ್‌ಡಿ 16 ವೀಸ, ಎನ್‌ಡಿ 64 ಕಾಣಿ. ಜೋಗಕ್ಕೆ ಹೋದಾಗ ಮುಕ್ಕಾಲಿ ನಿಲ್ಲಿಸಿ ಮಕ್ಕಳಿಂದಲೇ ಲೆಕ್ಕ ಹಾಕಿಸಿದೆ. ಫಿಲ್ಟರ್ ಇಲ್ಲದೆ ಹದ ಬರುವ ಹೊತ್ತು ಕಾಣಿ, ಅಂದರೆ 1/60. ನೀರು ಹತ್ತಿಯ ಎಳೆಯ ಹಾಗೆ ಬರಬೇಕಾದರೆ ಒಂದು ಸೆಕೆಂಡಿನಷ್ಟು ಬೇಕು. ಎನ್‌ಡಿ 64 ಹಾಕಿದರೆ ಬೆಳಕು ಕಾಣಿಗೆ ಇಳಿಯುತ್ತದೆ, ಹೊತ್ತು ಕಾಣಿಯಿಂದ ಪೂರ್ತಿ ಒಂದಕ್ಕೆ ಏರುತ್ತದೆ. ಒಬ್ಬರೂ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. (ಅಂದಹಾಗೆ, ಅಲ್ಲಿ ಬೀಳುವ ನಾಲ್ಕು ಕವಲುಗಳ ಹೆಸರು ರಾಜ, ರಾಣಿ, ರೋರರ್, ರಾಕೆಟ್. ಎರಡು ನಮ್ಮವು, ಎರಡು ಇಂಗ್ಲಿಷಿನವು. ಒಟ್ಟಿಗೇ ಬೀಳುತ್ತಿವೆ, ಯಾರಿಗೂ ಪರಕೀಯ ಅನ್ನಿಸಿಲ್ಲ. ನಮ್ಮ ಪದಪಟ್ಟಿಯೂ ಹಾಗೇ ಇದ್ದರೆ ಚೆನ್ನ.)

ಉಳಿದದ್ದು ಸ್ಟಾಪ್, ನನ್ನನ್ನು ಕಾಡುತ್ತಿರುವ ಪದ. ಬೆಳಕು ಎರಡರಷ್ಟಾದರೆ ಒಂದು ಸ್ಟಾಪ್ ಏರಿತು, ಅರ್ಧವಾದರೆ ಒಂದು ಸ್ಟಾಪ್ ಇಳಿಯಿತು. ಮಕ್ಕಳಿಗೆ ಬಸ್ ಸ್ಟಾಪ್ ನೆನಪಾಗುತ್ತದೆ. ಈ ಪದಕ್ಕೂ ನಿಲುಗಡೆಗೂ ಸಂಬಂಧವಿಲ್ಲ. 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸ್ ಎಂಬಾತ ಬೇರೆಬೇರೆ ಅಳತೆಯ ತೂತುಗಳಿರುವ ಲೋಹದ ತಗಡುಗಳನ್ನು ಲೆನ್ಸಿನ ಸೀಳಿನಲ್ಲಿ ಇಳಿಸುವ ಏರ್ಪಾಡು ತಂದ. ಬೆಳಕನ್ನು ತಡೆಯುವ ಇಂಥ ತಗಡಿಗೆ 'ಸ್ಟಾಪ್' ಎಂಬ ಹೆಸರು, ಅಂದರೆ ತಡೆ. ಮುಂದೆ ತಗಡು ಹೋಯಿತು, ಹೆಸರು ಅಳತೆಗೆ ಅಂಟಿಕೊಂಡಿತು. ಈಗ 'ತಡೆ' ಎಂದರೆ 'ಒಂದು ತಡೆ ಏರಿಸು' ಎನ್ನಬೇಕಾಗುತ್ತದೆ, ಬೆಳಕು ಕಮ್ಮಿಯಾದಂತೆ ಕೇಳಿಸುತ್ತದೆ.

'ಮಡಿ' ಯೋಚಿಸಿದೆ. ಇಮ್ಮಡಿ ಸರಿ. ಆದರೆ ಮೂರು ಸ್ಟಾಪ್ ಎಂದರೆ ಎಂಟರಷ್ಟು, ಮುಮ್ಮಡಿ ಎಂದರೆ ಮೂರರಷ್ಟೇ. 'ಪಟ್ಟು' ಎಂದರೂ ಇದೇ ತೊಡಕು. 'ಮೆಟ್ಟಿಲು' ಹೇಳಲು ಚೆನ್ನ, ಒಂದು ಮೆಟ್ಟಿಲು ಹತ್ತಿಸು, ಎರಡು ಮೆಟ್ಟಿಲು ಇಳಿಸು. ಕಾಣಿಯಿಂದ ಅರೆವೀಸ, ವೀಸ, ಅರೆಕಾಲು ಎಂದು ಮೂರು ಮೆಟ್ಟಿಲು ಹತ್ತಬಹುದು. ಆದರೆ ಮನೆಯ ಮೆಟ್ಟಿಲುಗಳೆಲ್ಲ ಒಂದೇ ಎತ್ತರ. ಇಲ್ಲಿ ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು. ಆ ದುಪ್ಪಟ್ಟಿನ ಅರ್ಥ ಪದದೊಳಗೆ ಬಂದಿಲ್ಲ.

ನಿಮ್ಮಲ್ಲಿ ಮೂರು ಕೇಳಿಕೆ. ನಿಮ್ಮ ಕಡೆ ವೀಸ, ಅರೆವೀಸ, ಕಾಣಿ ಇನ್ನೂ ಮಾತಿನಲ್ಲಿ ಇವೆಯೇ, ಎಷ್ಟು ಪಾಲಿಗೆ ಹೇಳುತ್ತಾರೆ? ಕಾಣಿಗಿಂತ ಚಿಕ್ಕದಕ್ಕೆ ಬೇರೆ ಹೆಸರುಗಳನ್ನು ಕೇಳಿದ್ದೀರಾ? ಹಾರುವ ಹಕ್ಕಿಗೆ 1/1000 ಬೇಕು, ಅದನ್ನು ಸದ್ಯಕ್ಕೆ 'ಕಾಣಿಯ ವೀಸ' ಎನ್ನುತ್ತಿದ್ದೇವೆ, 64ನ್ನು 16ರಿಂದ ಗುಣಿಸಿದರೆ 1024 ಬರುತ್ತದೆ. ಮೂರನೆಯದು ಸ್ಟಾಪ್. ನೆಲ ಅಳೆಯುವವರು, ಅಕ್ಕಸಾಲಿಗರು, ತಾಳ ಹಾಕುವವರು, ಯಾರದಾದರೂ ಕಸುಬಿನಲ್ಲಿ 'ಪ್ರತಿ ಹೆಜ್ಜೆಗೂ ಎರಡರಷ್ಟು' ಎಂಬುದಕ್ಕೆ ಪದವಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಭಾನುವಾರ ಜಗಲಿಯ ಗೋಡೆಗೆ ಪದಪಟ್ಟಿ ಅಂಟಿಸಬೇಕು. ಉಳಿದದ್ದೆಲ್ಲ ಬರೆದಾಗಿದೆ, ಸ್ಟಾಪ್‌ನ ಎದುರಿನ ಮನೆ ಖಾಲಿ ಬಿಟ್ಟಿದ್ದೇನೆ.