ಗೆರೆ ಟ್ಯಾಂಪಾದಿಂದ ದೂರ ಇದೆ, ಅಲ್ವಾ?

ಭಾನುವಾರ ಬೆಳಗ್ಗೆ ಅಕ್ಕ ನಮ್ಮ ಮನೆ ಗುಂಪಿಗೆ ಒಂದು ನಕ್ಷೆ ಹಾಕಿದಳು. ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ (ಚಂಡಮಾರುತ) ಕೇಂದ್ರದ ನಕ್ಷೆ. ಮೆಕ್ಸಿಕೋ ಕೊಲ್ಲಿಯ ಮೇಲೆ ಬಿಳಿ ಕೋನ್, ಅದರ ನಡುವೆ ಒಂದು ಕಪ್ಪು ಗೆರೆ, ಗೆರೆಯ ತುದಿಯಲ್ಲಿ ಫ್ಲೋರಿಡಾ. ನಾನು ಮಂಗಳವಾರ ಬೆಳಗ್ಗೆ ಆಫೀಸ್ ಕೆಲಸಕ್ಕೆ ಶಿಕಾಗೋದಿಂದ ಫ್ಲೋರಿಡಾದ ಟ್ಯಾಂಪಾಗೆ ಹೊರಡಬೇಕಿತ್ತು. ಗುರುವಾರ ವಾಪಸ್. ಚಂಡಮಾರುತ ದಡ ಮುಟ್ಟುವುದು ಬುಧವಾರ ರಾತ್ರಿ ಅಂತ ಅಂದಾಜು. ಆಮೇಲೆ ಸಂಜೆವರೆಗೆ ನಡೆದದ್ದು ಇದು. ಶುಭೋದಯದ ಹೂವುಗಳನ್ನೂ ಚಿಕ್ಕಪ್ಪನ ನಾಲ್ಕು ಫಾರ್ವರ್ಡ್‌ಗಳನ್ನೂ ತೆಗೆದು ಹಾಕಿದ್ದೇನೆ.

ಅಕ್ಕ: ನೋಡಿದೆಯಾ? ಟ್ಯಾಂಪಾ ಕೋನ್ ಒಳಗೇ ಇದೆ. ಟಿಕೆಟ್ ಕ್ಯಾನ್ಸಲ್ ಮಾಡು.

ಅಪ್ಪ: ಗಾಬರಿ ಬೇಡ. ಕೋನ್ ದೊಡ್ಡದು. ಗೆರೆ ನೋಡು. ಗೆರೆ ಟ್ಯಾಂಪಾದಿಂದ ಉತ್ತರಕ್ಕೆ ದೂರ ಇದೆ. ಅಳತೆ ಹಾಕಿ ನೋಡಿದೆ, 80 ಕಿ.ಮೀ.

ತಂಗಿ: ಅಪ್ಪ ಫೋನಿನ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದಾರೆ. ನಾನೇ ನೋಡಿದೆ 😂

ಅಪ್ಪ: ನಕ್ಷೆಯನ್ನು ಹಾಗೇ ಓದಬೇಕು.

ಭಾವ: ಮಾವ, ಆ ಕೋನ್ ಚಂಡಮಾರುತದ ಗಾತ್ರ ಅಲ್ಲ. ಅದರ ಕಣ್ಣು, ಅಂದರೆ ನಡುಭಾಗ, ಎಲ್ಲೆಲ್ಲಿ ಹೋಗಬಹುದು ಅನ್ನುವ ಅಂದಾಜು ಅಷ್ಟೇ. ಹಿಂದಿನ 5 ವರ್ಷ ಅವರ ಲೆಕ್ಕ ಎಷ್ಟೆಷ್ಟು ತಪ್ಪಿತ್ತು ಅಂತ ನೋಡಿ ಅದರ ಅಗಲ ಹಾಕುತ್ತಾರೆ. ಸುಮಾರು ಮೂರರಲ್ಲಿ ಎರಡು ಸಲ ಕಣ್ಣು ಅದರೊಳಗೆ ಇರುತ್ತದೆ. ಉಳಿದ ಒಂದು ಸಲ ಹೊರಗೆ.

ಅಪ್ಪ: ಹಾಗಾದರೆ ಹೊರಗೆ ಇರುವವರು ಹೆದರಬೇಕು. ಒಳಗಿರುವವರು ಆರಾಮ.

ಅಕ್ಕ: ಅಪ್ಪಾ!!

ತಂಗಿ: ನಿಜ ಹೇಳಿ, ಇನ್ನೂ ಹರಿಕೇನ್ ವಾಚ್ ಕೂಡ ಕೊಟ್ಟಿಲ್ಲ. ಅವರಿಗೇ ಇಲ್ಲದ ಗಾಬರಿ ನಮಗೆ ಯಾಕೆ? ಸುಮ್ನೆ ಅಣ್ಣನನ್ನು ಹೆದರಿಸುತ್ತೀರಿ.

ವಾಚ್ ಅಂದರೆ ಚಂಡಮಾರುತದ ಗಾಳಿ ಬರಬಹುದು ಅನ್ನುವ ಅಧಿಕೃತ ಸೂಚನೆ; ಬಂದೇ ಬರುವ ಹಾಗಿದ್ದರೆ ವಾರ್ನಿಂಗ್. ತಂಗಿಯ ಮಾತು ನನಗೆ ಇಷ್ಟವಾಯಿತು. ಹೋಗಲು ಒಂದು ನೆಪ ಬೇಕಿತ್ತು. ಈ ಭೇಟಿ ಇಟ್ಟುಕೊಂಡದ್ದು ನಾನೇ, ಎರಡು ಸಲ ಮುಂದೂಡಿದ್ದೂ ನಾನೇ. ಮೂರನೇ ಸಲ ಮ್ಯಾನೇಜರ್‌ಗೆ ಏನು ಹೇಳುವುದು ಅನ್ನುವುದೇ ನನ್ನ ನಿಜವಾದ ಚಿಂತೆ. ಇದನ್ನು ಗುಂಪಿನಲ್ಲಿ ಹೇಳಲಿಲ್ಲ.

ನಾನು: ಹೌದು, ವಾಚ್ ಬಂದ ಮೇಲೆ ನೋಡೋಣ.

ಭಾವ: ಬಿರುಗಾಳಿ ಶುರುವಾಗುವ 48 ಗಂಟೆ ಮುಂಚೆ ವಾಚ್ ಕೊಡುತ್ತಾರೆ. ವಾರ್ನಿಂಗ್ ಆದರೆ 36 ಗಂಟೆ. ಬುಧವಾರದ ಗಾಳಿಗೆ ಭಾನುವಾರ ಯಾಕೆ ಕೊಡುತ್ತಾರೆ? ನಾಳೆ ಬರುತ್ತದೆ. ಆಗ ನೀನು ಬ್ಯಾಗ್ ತುಂಬುತ್ತಿರುತ್ತೀಯ.

ಅಪ್ಪ: 2022ರಲ್ಲಿ ಇಯಾನ್ ಬಂದಾಗಲೂ ಹೀಗೇ ಟ್ಯಾಂಪಾ ಟ್ಯಾಂಪಾ ಅಂತ ಬಡಕೊಂಡರು. ಕೊನೆಗೆ ಬೇರೆಲ್ಲೋ ಹೋಯಿತು.

ಭಾವ: ಆ ಬೇರೆಲ್ಲೋ ಅನ್ನುವುದು ಟ್ಯಾಂಪಾದ ದಕ್ಷಿಣಕ್ಕಿರುವ ಫೋರ್ಟ್ ಮೈಯರ್ಸ್, ಮಾವ. ಅಲ್ಲಿನವರೂ ಗೆರೆ ನಮ್ಮಿಂದ ದೂರ ಇದೆ ಅಂದುಕೊಂಡಿದ್ದರು. ಐದು ದರ್ಜೆಗಳಲ್ಲಿ 4ನೇ ದರ್ಜೆಯ ಚಂಡಮಾರುತ ಬಂತು. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಸಮುದ್ರ ಮನೆಗಳನ್ನೇ ಎಳೆದುಕೊಂಡು ಹೋಯಿತು.

ತಂಗಿ: ಆವತ್ತು ಟ್ಯಾಂಪಾ ಕೊಲ್ಲಿಯಲ್ಲಿ ನೀರೇ ಇರಲಿಲ್ಲ! ವಿಡಿಯೋ ನೋಡಿದ್ದೇನೆ. ಜನ ಕೆಸರಿನಲ್ಲಿ ನಡೆಯುತ್ತಿದ್ದರು.

ಭಾವ: ಸರಿಯಾಗಿ ಹೇಳಿದೆ. ಯಾಕೆ ಹಾಗಾಯಿತು? ಅಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಕಣ್ಣು ಟ್ಯಾಂಪಾದ ದಕ್ಷಿಣಕ್ಕೆ ಹೋದರೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸಿ ಕೊಲ್ಲಿಯ ನೀರನ್ನು ಹೊರಗೆ ತಳ್ಳುತ್ತದೆ. ಕಣ್ಣು ಉತ್ತರಕ್ಕೆ ಹೋದರೆ ಉಲ್ಟಾ. ಸಮುದ್ರವನ್ನೇ ಕೊಲ್ಲಿಯೊಳಗೆ ತುಂಬುತ್ತದೆ. ಮಾವ, ನಿಮ್ಮ ಗೆರೆ ಯಾವ ಕಡೆ ಇದೆ ಅಂದಿರಿ?

ಅಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಏನೂ ಬರಲಿಲ್ಲ.

ಅಕ್ಕ: ಉತ್ತರಕ್ಕೆ ದೂರ ಇರುವುದೇ ಕೆಟ್ಟದ್ದು ಅಂತಾಯಿತು.

ಭಾವ: 2024ರಲ್ಲಿ ಹೆಲೀನ್ ಟ್ಯಾಂಪಾದಿಂದ 150 ಕಿ.ಮೀ.ಗೂ ದೂರ ಸಮುದ್ರದಲ್ಲೇ ಹಾದು ಹೋಯಿತು. ದಡ ಮುಟ್ಟಿದ್ದು ಇನ್ನೂ ಮೇಲೆ, ಪೆರಿ ಅನ್ನುವ ಊರಿನ ಹತ್ತಿರ. ಆದರೂ ಟ್ಯಾಂಪಾ ಕೊಲ್ಲಿಯ ಸುತ್ತ ಮನೆಗಳಿಗೆ ನೀರು ನುಗ್ಗಿ ಜನ ಸತ್ತರು. ದರ್ಜೆ ಹೇಳುವುದು ಬರೀ ಗಾಳಿಯ ವೇಗ. ನೀರಿನ ಲೆಕ್ಕ ಅದರಲ್ಲಿ ಇಲ್ಲ.

ಅಪ್ಪ: ಇವನು ಸಮುದ್ರದಲ್ಲಿ ಮಲಗುತ್ತಾನಾ? ಹೋಟೆಲ್‌ನಲ್ಲಿ ಇರುತ್ತಾನೆ.

ಅಕ್ಕ: ಹೋಟೆಲ್ ಯಾವ ಝೋನ್?

ನನಗೆ ಅದು ಗೊತ್ತೇ ಇರಲಿಲ್ಲ. ಫ್ಲೋರಿಡಾದಲ್ಲಿ ಕರಾವಳಿಯನ್ನು ಎ, ಬಿ, ಸಿ ಅಂತ ಹಂಚಿ ಇಟ್ಟಿರುತ್ತಾರೆ. ನೀರು ಬರುವ ಭಯ ಇದ್ದಾಗ ಮೊದಲು ಖಾಲಿ ಮಾಡಬೇಕಾದ್ದು ಎ. ಹೋಟೆಲ್ ಬುಕ್ ಮಾಡುವಾಗ ನಾನು ನೋಡಿದ್ದು ಒಂದೇ: ಕಿಟಕಿಯಿಂದ ನೀರು ಕಾಣುತ್ತದಾ ಅಂತ. ವಿಳಾಸ ಹಾಕಿ ಹುಡುಕಿದೆ.

ನಾನು: ಎ.

ತಂಗಿ: ಅಯ್ಯೋ.

ಅಕ್ಕ: ಹೋಟೆಲಿನವರೇ ನಿನ್ನನ್ನು ಹೊರಗೆ ಕಳಿಸುತ್ತಾರೆ ಕಣೋ. ಆಮೇಲೆ ಎಲ್ಲಿಗೆ ಹೋಗುತ್ತೀಯ?

ನಾನು: ಕಾರ್ ಬಾಡಿಗೆಗೆ ತಗೊಂಡು ಒಳನಾಡಿಗೆ ಹೋಗುತ್ತೇನೆ.

ಭಾವ: ನಿನ್ನ ಜೊತೆ ಇನ್ನೂ ಎಷ್ಟೋ ಲಕ್ಷ ಜನ ಅದೇ ರಸ್ತೆಯಲ್ಲಿ ಇರುತ್ತಾರೆ. 2017ರಲ್ಲಿ ಇರ್ಮಾ ಬಂದಾಗ ಫ್ಲೋರಿಡಾದಲ್ಲಿ 60 ಲಕ್ಷಕ್ಕೂ ಜಾಸ್ತಿ ಜನರಿಗೆ ಮನೆ ಬಿಡಿ ಅಂತ ಹೇಳಿದ್ದರು. ಬಂಕ್‌ಗಳಲ್ಲಿ ಪೆಟ್ರೋಲ್ ಮುಗಿದಿತ್ತು. ಆ ಊರಿನವರು ಬಿಟ್ಟು ಹೋಗುತ್ತಿರುವಾಗ ನೀನು ಅಲ್ಲಿಗೆ ಹೋಗಿ ಒಂದು ರೂಮು, ಒಂದು ಟ್ಯಾಂಕ್ ಪೆಟ್ರೋಲ್ ತಗೊಳ್ಳುತ್ತೀಯ.

ಭಾವ ಇಷ್ಟು ಮಾತಾಡುವವರಲ್ಲ. ಗುಂಪಿನಲ್ಲಿ ಅವರದ್ದು ಸಾಮಾನ್ಯವಾಗಿ ಹೆಬ್ಬೆರಳು ಮಾತ್ರ. ಆದರೆ 2017ರಲ್ಲೇ ಹಾರ್ವಿ ಬಂದಾಗ ಅವರೂ ಅಕ್ಕನೂ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದ್ದರು. ಅದು ದಡ ಮುಟ್ಟಿದ್ದು 200 ಕಿ.ಮೀ.ಗೂ ಆಚೆ, ರಾಕ್‌ಪೋರ್ಟ್ ಹತ್ತಿರ. ಹ್ಯೂಸ್ಟನ್‌ಗೆ ಬಂದದ್ದು ಗಾಳಿಗಿಂತ ಮಳೆ, ಅದೂ ದಿನಗಟ್ಟಲೆ. ಅಕ್ಕ ಮಹಡಿ ಮೆಟ್ಟಿಲ ಮೇಲೆ ಕೂತು, ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಮುಳುಗುವುದನ್ನು ಎಣಿಸಿದ್ದಳು. ಆಗ ಅವಳು ಗುಂಪಿಗೆ ಕಳಿಸುತ್ತಿದ್ದದ್ದು ಬರೀ ಅಂಕಿ. 9. 8. 7. ಇದನ್ನು ನಾನು ಮರೆತಿದ್ದೆ.

ಚಿಕ್ಕಪ್ಪ: ನಾನು ಒಂದು ಮಾತು ಹೇಳಲಾ? ಹೋಗಬೇಡ. ಆದರೆ ಕ್ಯಾನ್ಸಲ್ ಕೂಡ ಮಾಡಬೇಡ.

ತಂಗಿ: ಚಿಕ್ಕಪ್ಪ ಬಂದರು.

ಚಿಕ್ಕಪ್ಪ: ಕೇಳಿ. ವಿಮಾನದವರು ರದ್ದು ಮಾಡಿ, ನೀನು ಬೇರೆ ವಿಮಾನ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು. ಅಮೆರಿಕದ ನಿಯಮ ಅದು. ನೀನೇ ಮೊದಲು ರದ್ದು ಮಾಡಿದರೆ ಸಾಮಾನ್ಯವಾಗಿ ಕ್ರೆಡಿಟ್ ಅಂತ ಚೀಟಿ ಕೊಡುತ್ತಾರೆ. ಕಾಯಬೇಕು.

ತಂಗಿ: ಈಗ ಟ್ರಾವೆಲ್ ಇನ್ಶೂರೆನ್ಸ್ ತಗೊಂಡರೆ?

ಚಿಕ್ಕಪ್ಪ: ಚಂಡಮಾರುತಕ್ಕೆ ಹೆಸರು ಇಟ್ಟ ಮೇಲೆ ತಗೊಂಡ ಪಾಲಿಸಿ ಅದಕ್ಕೆ ಕೆಲಸ ಮಾಡುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಅಕ್ಕ: ಚಿಕ್ಕಪ್ಪ, ಅದು ಇವನ ದುಡ್ಡೂ ಅಲ್ಲ. ಆಫೀಸಿನದು.

ಚಿಕ್ಕಪ್ಪ: ಯಾರದ್ದಾದರೂ ದುಡ್ಡು ದುಡ್ಡೇ.

ಭಾವ: ದುಡ್ಡೇ ಬೇಕಾಗಿಲ್ಲ. ಇಂಥ ಹೊತ್ತಲ್ಲಿ ವಿಮಾನದವರು ವೇವರ್ ಕೊಡುತ್ತಾರೆ. ಶುಲ್ಕ ಇಲ್ಲದೆ ತಾರೀಕು ಬದಲಾಯಿಸಬಹುದು. ಇನ್ನೊಂದು ವಿಷಯ. ಮಿಲ್ಟನ್ 2024ರ ಅಕ್ಟೋಬರ್ 9ರ ಬುಧವಾರ ರಾತ್ರಿ ದಡ ಮುಟ್ಟಿತು. ಟ್ಯಾಂಪಾ ವಿಮಾನ ನಿಲ್ದಾಣ ಮುಚ್ಚಿದ್ದು ಮಂಗಳವಾರ ಬೆಳಗ್ಗೆ. ತೆರೆದದ್ದು ಶುಕ್ರವಾರ.

ನಾನು: ಅಂದರೆ ನಾನು ಇಳಿಯುವ ಹೊತ್ತಿಗೆ.

ಭಾವ: ಇಳಿದರೆ. ಗುರುವಾರ ವಾಪಸ್ ಅಂದೆಯಲ್ಲ, ಯಾವ ವಿಮಾನದಲ್ಲಿ?

ಅಪ್ಪ: ಎಲ್ಲ ಸಲವೂ ಹಾಗೇ ಆಗಬೇಕು ಅಂತ ಇಲ್ಲ. ಕೆಲಸ ಅಂದರೆ ಕೆಲಸ. ನಾನು ಸರ್ವೀಸಿನಲ್ಲಿದ್ದಾಗ ಮಳೆಗೆ ಒಂದು ದಿನವೂ ರಜೆ ಹಾಕಿಲ್ಲ.

ತಂಗಿ: ಅಪ್ಪಾ, ಇದು ಮಳೆ ಅಲ್ಲ.

ಇಲ್ಲಿಂದ ಮುಂದೆ ಅರ್ಧ ಗಂಟೆ ಅಪ್ಪನ ಸರ್ವೀಸಿನ ಕಥೆ. ಅದನ್ನು ಬಿಟ್ಟಿದ್ದೇನೆ. ನಡುವೆ ತಂಗಿ ಹತ್ತಾರು ಬಣ್ಣದ ಗೆರೆಗಳಿದ್ದ ಇನ್ನೊಂದು ನಕ್ಷೆ ಹಾಕಿದಳು. ಬೇರೆ ಬೇರೆ ಕಂಪ್ಯೂಟರ್ ಲೆಕ್ಕಗಳ ನಕ್ಷೆ ಅದು. ಅದರಲ್ಲಿ ಒಂದು ಗೆರೆ ಟೆಕ್ಸಾಸ್ ಕಡೆ ಹೋಗಿತ್ತು. ಅಪ್ಪ ಅದನ್ನೇ ಹಿಡಿದುಕೊಂಡರು. ಬೇಕಾದ ಗೆರೆ ಆರಿಸಿಕೊಳ್ಳುವುದಾದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಅಮ್ಮ ಬೆಳಗ್ಗಿನಿಂದ ಒಂದು ಮಾತೂ ಹಾಕಿರಲಿಲ್ಲ. ಎಲ್ಲರ ಮೆಸೇಜಿಗೂ ನೀಲಿ ಟಿಕ್ ಮಾತ್ರ.

ಅಮ್ಮ: ಅಲ್ಲಿ ಯಾರನ್ನು ನೋಡುವುದಕ್ಕೆ ಹೋಗುತ್ತಿದ್ದೀಯೋ, ಅವರನ್ನು ಕೇಳಿದೆಯಾ?

ಕೇಳಿರಲಿಲ್ಲ. ಕೇಳಿದರೆ ನಾನು ಹಿಂದೆ ಸರಿಯುತ್ತಿದ್ದೇನೆ ಅಂದುಕೊಂಡಾರು ಅಂತ. ಭಾನುವಾರ ಅಂತ ಹಿಂಜರಿಯುತ್ತಲೇ ಒಂದು ಸಾಲು ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಅವರೇ ಫೋನ್ ಮಾಡಿದರು. ಹಿಂದೆ ಸುತ್ತಿಗೆ ಸದ್ದು. ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದರು. ನಾಳೆ ಬೆಳಗ್ಗೆ ವಯಸ್ಸಾದ ತಾಯಿಯನ್ನು ಕರೆದುಕೊಂಡು ಜಾರ್ಜಿಯಾ ಕಡೆ ಹೊರಡುತ್ತಾರಂತೆ. ‘ನೀವು ಎರಡು ಸಲ ಮುಂದೂಡಿದ್ದಿರಿ, ಈ ಸಲ ನಾನು ಬೇಡ ಅಂದರೆ ಬೇಜಾರಾಗುತ್ತೀರೇನೋ ಅಂತ ಸುಮ್ಮನಿದ್ದೆ’ ಅಂದರು.

ನಾನು: ಕೇಳಿದೆ. ಅವರೇ ಊರು ಬಿಡುತ್ತಿದ್ದಾರೆ. ಬರುವ ತಿಂಗಳು ನೋಡೋಣ ಅಂದರು. ಮ್ಯಾನೇಜರ್‌ಗೂ ಬರೆದೆ.

ಅಕ್ಕ: 🙏🙏🙏

ಚಿಕ್ಕಪ್ಪ: ಟಿಕೆಟ್?

ನಾನು: ವೇವರ್ ಬಂದಿದೆ ಚಿಕ್ಕಪ್ಪ. ತಾರೀಕು ಬದಲಾಯಿಸುತ್ತೇನೆ.

ಚಿಕ್ಕಪ್ಪ: ನಾಳೆವರೆಗೆ ಕಾದಿದ್ದರೆ ದುಡ್ಡೇ ಬರುತ್ತಿತ್ತು.

ಅಮ್ಮ: ಅವರ ತಾಯಿ ಹುಷಾರಾಗಿ ತಲುಪಿದರಾ ಅಂತ ನಾಳೆ ಕೇಳು.

ಸಂಜೆ 4 ದಾಟಿತು. ಫ್ಲೋರಿಡಾದ 5 ಗಂಟೆಯ ಹೊಸ ನಕ್ಷೆ ಬಂತು. ಈ ಸಲ ಹಾಕಿದ್ದು ಅಕ್ಕ ಅಲ್ಲ.

ಅಪ್ಪ: ನೋಡಿದಿರಾ? ಗೆರೆ ಇನ್ನೂ ಉತ್ತರಕ್ಕೆ ಹೋಯಿತು. ಈಗ 110 ಕಿ.ಮೀ.

ಅಕ್ಕ: ಅಪ್ಪಾ, ಸ್ಕೇಲ್ ಕೆಳಗಿಡಿ.