ನಾಯಿಗೆ ಉಣ್ಣೆ ಜ್ವರ ಬರದಂತೆ ನೀವೇನು ಮಾಡ್ತೀರಿ?

ಬಳ್ಳಾರಿಯಲ್ಲಿದ್ದೇವೆ. ಒಂದೂವರೆ ವರ್ಷದ ನಾಯಿ. ಸ್ನಾನ ಮಾಡಿಸಿ, ಉಣ್ಣೆ ಹುಳ ಒಂದೊಂದೇ ಕಿತ್ತು ಹಾಕಿದರೂ ವಾರದೊಳಗೆ ಮತ್ತೆ ಹತ್ತುತ್ತವೆ. ಪಕ್ಕದ ಮನೆ ನಾಯಿ ಉಣ್ಣೆ ಜ್ವರದಿಂದ ಹೋಯಿತು, ಅದಕ್ಕೇ ಭಯ. ಅನುಭವ ಇದ್ದವರು ಹೇಳಿ.

ಕೊಪ್ಪಳದಿಂದ:
ಅಣ್ಣಾ, ಮೊದಲು ಗೋಡೆ ನೋಡಿ. ನಮ್ಮದು ಹಳೆ ಕಲ್ಲಿನ ಮನೆ, ಅಂಗಳಕ್ಕೆ ಪರ್ಸಿ. ನಾವೂ ಬರೀ ನಾಯಿ ಮೈ ಮೇಲೇ ಹುಡುಕ್ತಾ ಇದ್ದೆವು. ಒಂದು ರಾತ್ರಿ ಟಾರ್ಚ್ ಹಿಡಿದು ಅದು ಮಲಗೋ ಮೂಲೆ ನೋಡಿದರೆ ಸಜ್ಜೆ ಕಾಳಿನಷ್ಟು ಹುಳ ಗೋಡೆ ಸಂದಿನಿಂದ ಮೇಲಕ್ಕೆ ಹತ್ತುತ್ತಿವೆ! ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗುದುರಿ ಇಂಥ ಸಂದಿನಲ್ಲೇ ಸಾವಿರಾರು ಮೊಟ್ಟೆ ಇಡುತ್ತದಂತೆ. ಮಲಗೋ ಗೋಣಿಚೀಲ ಸುಟ್ಟೆವು, ಸಂದಿಗೆ ಸಿಮೆಂಟ್ ತುಂಬಿಸಿದೆವು, ಡಾಕ್ಟರ್ ಹೇಳಿದ ಅಳತೆಯಲ್ಲೇ ಔಷಧಿ ಸಿಂಪಡಿಸಿ ಒಣಗೋವರೆಗೂ ನಾಯಿಯನ್ನು ಹೊರಗೇ ಕಟ್ಟಿದೆವು. ಮೊಟ್ಟೆಗೆ ಔಷಧಿ ಸರಿಯಾಗಿ ನಾಟಲ್ಲ, ಹಾಗಾಗಿ ಎರಡು ವಾರ ಬಿಟ್ಟು ಮತ್ತೊಮ್ಮೆ.

ಇಷ್ಟೆಲ್ಲ ಬುದ್ಧಿ ಬಂದಿದ್ದು ಪೆಟ್ಟು ತಿಂದ ಮೇಲೇ. ರೊಟ್ಟಿ ಚೂರು ಹಾಕಿದರೆ ಗಾಳಿಯಲ್ಲೇ ಹಿಡಿಯೋ ನಾಯಿ ಎರಡು ದಿನ ಮೂಸಿ ನೋಡಿ ಸುಮ್ನಾಯಿತು. ಒಸಡು ಬಿಳಿಚಿತ್ತು, ಮೂರನೇ ದಿನ ಮೂಗಲ್ಲಿ ರಕ್ತ. ಪರೀಕ್ಷೆಯಲ್ಲಿ ಎರ್ಲಿಕಿಯಾ ಅಂತ ಬಂತು (ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರಿ ಈ ಜ್ವರ ತರೋ ಬ್ಯಾಕ್ಟೀರಿಯಾ), ಪ್ಲೇಟ್‌ಲೆಟ್ ಇಳಿದಿತ್ತು. 28 ದಿನ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟು ಉಳಿಸಿಕೊಂಡೆವು. ನೈನ್ ಇನ್ ಒನ್ ಲಸಿಕೆ ಹಾಕಿಸಿದ್ದೀವಲ್ಲ ಅಂತ ಧೈರ್ಯದಲ್ಲಿದ್ದೆ ನಾನು. ಆ ಲಸಿಕೆಯಲ್ಲಿ ಇದಕ್ಕೆ ರಕ್ಷಣೆ ಇಲ್ಲವೇ ಇಲ್ಲ.

ಈಗ 12 ವಾರಕ್ಕೊಮ್ಮೆ ಉಣ್ಣೆ ಸಾಯಿಸೋ ಫ್ಲೂರಾಲನರ್ ಮಾತ್ರೆ, ತೂಕ ನೋಡಿ. ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ. ಹುಳ ಕಚ್ಚಿದ ಮೇಲೇ ಈ ಮಾತ್ರೆಗೆ ಸಾಯೋದು, ಆದ್ದರಿಂದ ಒಂದೆರಡು ಕಂಡರೆ ಮಾತ್ರೆ ಸುಳ್ಳು ಅಂದುಕೊಳ್ಳಬೇಡಿ. ಬೇಸಿಗೆಯಲ್ಲೂ ಬಿಡಬೇಡಿ, ನಮ್ಮ ಬಿಸಿಲಿಗೆ ಬಗ್ಗೋ ಜಾತಿ ಅಲ್ಲ ಅದು.

ಸಿಂಧನೂರಿನಿಂದ:
ನಾವು ಕತ್ತಿಗೆ ಹಾಕೋ ಹನಿ ಔಷಧಿ ಬಳಸ್ತೀವಿ, ತಿಂಗಳಿಗೊಮ್ಮೆ. ಹಾಕೋ ಮುಂಚೆ ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಬೇಡ. ದಯವಿಟ್ಟು ಕುರಿಗೆ ಹಾಕೋ ಔಷಧಿ ಅಂದಾಜಿನಲ್ಲಿ ಕಲಸಿ ಸುರಿಯಬೇಡಿ, ನಮ್ಮ ನಾಯಿ ಒಂದು ದಿನ ಪೂರ್ತಿ ತೂಕಡಿಸುತ್ತಾ ಬಿದ್ದಿತ್ತು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರೋದು ತರಲೇಬೇಡಿ, ಬೆಕ್ಕಿಗೆ ಅದು ವಿಷ.

ರಾಯಚೂರಿನಿಂದ:
ಕಿವಿ ಒಳಗೆ, ಬೆರಳ ಸಂದಿನಲ್ಲಿ ದಿನಾ ನೋಡ್ತೀರಾ ಅಕ್ಕಾ ಅಥವಾ ಅಣ್ಣಾ? ಅಲ್ಲೇ ಜಾಸ್ತಿ ಅಡಗೋದು. ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಒತ್ತಿ ಸಾಯಿಸೋ ಚಟ ನಮ್ಮಪ್ಪನಿಗಿತ್ತು, ಈಗ ಕಿತ್ತ ಹುಳ ಹಾಕೋಕೆ ಸ್ಪಿರಿಟ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಕೂರ್ತಾರೆ.