ಡೊಂಬಿವಲಿ ಹತ್ತಿರ ಒಳ್ಳೆಯ ಆಕ್ಯುಪೇಷನಲ್ ಥೆರಪಿಸ್ಟ್ ಯಾರಾದರೂ ಗೊತ್ತಾ?

ಅಪ್ಪನಿಗೆ ಮೂರು ತಿಂಗಳ ಹಿಂದೆ ಲಕ್ವ ಹೊಡೆಯಿತು. ಫಿಸಿಯೋ ಮಾಡಿಸಿ ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಬಲಗೈಯಲ್ಲಿ ಅಂಗಿ ಗುಂಡಿ ಹಾಕಲು, ಅನ್ನ ಕಲಸಲು ಆಗುತ್ತಿಲ್ಲ. ಇಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ತೋರಿಸಿ ಎಂದರು ಡಾಕ್ಟರು. ಲೈಸೆನ್ಸ್ ಇರುವವರನ್ನು ಹುಡುಕುವುದು ಹೇಗೆ? ಅನುಭವ ಇದ್ದವರು ತಿಳಿಸಿ.

ಥಾಣೆಯಿಂದ:
ಅಕ್ಕಾ, ನಮ್ಮ ಅತ್ತೆಗೂ ಹೀಗೇ ಆಗಿತ್ತು. ಯಾರೋ ಹೇಳಿದರು ಅಂತ ಒಬ್ಬರನ್ನು ಮನೆಗೇ ಕರೆಸಿದೆವು. ಎರಡು ತಿಂಗಳು ಬಂದರು. ದಿನಾ ಕೈ ತಿಕ್ಕುವುದು, ಸ್ಪಂಜಿನ ಚೆಂಡು ಹಿಸುಕಿಸುವುದು, ಅಷ್ಟೇ. ರಿಜಿಸ್ಟ್ರೇಷನ್ ನಂಬರ್ ಕೇಳಿದರೆ ಕಾರ್ಡ್ ಮನೆಯಲ್ಲಿದೆ ಅಂದರು. ಆ ಕಾರ್ಡ್ ಬರಲೇ ಇಲ್ಲ. ದುಡ್ಡು ಹೋದರೆ ಹೋಯಿತು, ಆ ಎರಡು ತಿಂಗಳು ಹೋಯಿತಲ್ಲ, ಅದೇ ಹೊಟ್ಟೆ ಉರಿ.

ಆಮೇಲೆ ಮುಂಬೈನ ಸಯನ್ ಆಸ್ಪತ್ರೆಗೆ ಹೋದೆವು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೊರರೋಗಿ ಚೀಟಿ) ಮಾಡಿಸಿ. ಆಕ್ಯುಪೇಷನಲ್ ಥೆರಪಿಗೂ ಓಟಿ ಅಂತಾರೆ, ಆದರೆ ಅಲ್ಲಿ ಸುಮ್ನೆ ‘ಓಟಿ ಎಲ್ಲಿ’ ಅಂತ ಕೇಳಬೇಡಿ, ಆಪರೇಷನ್ ಥಿಯೇಟರ್ ಕಡೆ ಕೈ ತೋರಿಸುತ್ತಾರೆ! ನಾವು ಹೋಗಿ ಬಂದವರು. ಥೆರಪಿಸ್ಟ್ ಮೊದಲು ಕೇಳಿದ್ದು, ‘ಮನೆಯಲ್ಲಿ ಇವರು ಏನೇನು ಕೆಲಸ ಮಾಡುತ್ತಿದ್ದರು?’ ದೋಸೆ ಹುಯ್ಯುತ್ತಿದ್ದರು ಅಂದೆ. ಮುಂದಿನ ಸಲ ಸಟ್ಟುಗ ತನ್ನಿ ಅಂದರು. ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ದಪ್ಪ ಇದ್ದರೆ ಬೆರಳನ್ನು ಪೂರ್ತಿ ಮಡಚಬೇಕಿಲ್ಲ, ಅಲ್ವಾ? ರವಿಕೆ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಇಷ್ಟು ಸಣ್ಣ ವಿಷಯವನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಮಾಟುಂಗಾದಿಂದ:
ಮಹಾರಾಷ್ಟ್ರದಲ್ಲಿ ಇದಕ್ಕೆ 2002ರ ಕಾಯ್ದೆ ಇದೆ. ಆಕ್ಯುಪೇಷನಲ್ ಥೆರಪಿ, ಫಿಸಿಯೋಥೆರಪಿ ಎರಡಕ್ಕೂ ಸೇರಿ ಒಂದೇ ರಾಜ್ಯ ಕೌನ್ಸಿಲ್, ರಿಜಿಸ್ಟ್ರೇಷನ್ ನಂಬರ್ ಕೊಡುವುದು ಅದೇ. ಅದಕ್ಕೇ ಬರೀ ನಂಬರ್ ನೋಡಿದರೆ ಸಾಲದು, ಡಿಗ್ರಿಯನ್ನೂ ನೋಡಿ. ಬಿ.ಪಿ.ಟಿ. ಅಂದರೆ ಫಿಸಿಯೋ. ಬಿ.ಒ.ಟಿ.ಎಚ್. ಅಂತಿದ್ದರೆ ನಿಮಗೆ ಬೇಕಾದವರು. ಕೇಳಲು ಸಂಕೋಚ ಬೇಡ, ಓದಿ ಬಂದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1950ರಿಂದ ಆಕ್ಯುಪೇಷನಲ್ ಥೆರಪಿ ಕಲಿಸುತ್ತಿದ್ದಾರೆ. ನಾಯರ್, ಸಯನ್ ಆಸ್ಪತ್ರೆಗಳಲ್ಲೂ ಇದೆ. ಅಲ್ಲಿನ ವಿಭಾಗದಲ್ಲೇ ಕೇಳಿ, ಡೊಂಬಿವಲಿ, ಕಲ್ಯಾಣ ಕಡೆ ಕ್ಲಿನಿಕ್ ಇಟ್ಟಿರುವ ಹಳೆ ವಿದ್ಯಾರ್ಥಿಗಳು ಯಾರಿದ್ದಾರೆ ಅಂತ. ನನಗೆ ಸಿಕ್ಕಿದ್ದು ಹೀಗೇ.

ಬೈಕಲಾದಿಂದ:
ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ. ಕೈಗೆ ಸ್ಪ್ಲಿಂಟ್ (ಕೈಯನ್ನು ಸರಿಯಾಗಿ ಹಿಡಿದಿಡುವ ಪಟ್ಟಿ) ಬೇಕು ಅಂದರೆ ಅಲ್ಲೂ ವಿಚಾರಿಸಿ. ಹಳೆ ರಿಪೋರ್ಟು, ಸ್ಕ್ಯಾನ್ ಎಲ್ಲಾ ಜೊತೆಗಿರಲಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಲೋಕಲ್ ರೈಲು ಹತ್ತುವುದೇ ಕಷ್ಟ. ಮನೆಗೆ ಬರುತ್ತಾರಾ?

ಥಾಣೆಯಿಂದ:
ಕ್ಲಿನಿಕ್ ಇಟ್ಟವರಲ್ಲಿ ಕೆಲವರು ಬರುತ್ತಾರೆ, ಫೀಸು ಮೊದಲೇ ಕೇಳಿಕೊಳ್ಳಿ. ಒಂದು ಸಲವಾದರೂ ಕರೆಸಿ ಅಕ್ಕಾ. ನಮ್ಮಲ್ಲಿಗೆ ಬಂದವರು ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋದರು. ಅತ್ತೆಯನ್ನು ಅಲ್ಲೇ ನಿಲ್ಲಿಸಿ, ಹಿಡಿದುಕೊಳ್ಳುವ ರಾಡ್ ಎಲ್ಲಿ ಬರಬೇಕು ಅಂತ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಹಾಕಿದರು. ನಾನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಕೆಳಗೆ.